ಕಾಫಿ ಸೀಮೆಯ ಭಿನ್ನರಾಶಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಯಾವುದೇ ಕಾಫಿ ತೋಟದ ಲೆಕ್ಕಪುಸ್ತಕವನ್ನು ತೆರೆದರೂ ಪೂರ್ಣಸಂಖ್ಯೆಗಳಿಗಿಂತ ಭಾಗಗಳ ಲೆಕ್ಕವೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಜಮೀನಿನ ವಿಸ್ತೀರ್ಣ ಎಕರೆ-ಗುಂಟೆಗಳಲ್ಲಿರುತ್ತದೆ, ಮಳೆ ಇಂಚು-ಸೆಂಟ್ಸ್‌ಗಳಲ್ಲಿರುತ್ತದೆ, ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಸಿಪ್ಪೆ ಬಿಡಿಸುವ ಹಲ್ಲರಿಗೆ ಹಾಕಿದಾಗ ಸಿಗುವ ಬೀಜದ ಪ್ರಮಾಣವನ್ನು ಔಟ್‌ಟರ್ನ್ ಎಂದು ಬರೆದಿರುತ್ತಾರೆ, ಎಲೆ ತುಕ್ಕುರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಶೇಕಡಾವಾರಿನಲ್ಲಿರುತ್ತದೆ. ಹೀಗಿದ್ದರೂ ಇದೇ ಸೀಮೆಯ ಮಕ್ಕಳಿಗೆ, ರಾಜ್ಯದ ಇತರೆಡೆಯ ಮಕ್ಕಳಂತೆಯೇ, ಮಾಧ್ಯಮಿಕ ತರಗತಿಗಳಲ್ಲಿ ಭಿನ್ನರಾಶಿಯೂ ದಶಮಾಂಶವೂ ತೊಡಕಾಗಿ, ಪ್ರೌಢಶಾಲೆಯಲ್ಲಿ ಅಂಶ-ಛೇದಗಳೊಳಗೆ ಅಕ್ಷರಗಳು ಬಂದು ಕುಳಿತಾಗ ಆ ತೊಡಕು ಭಯವಾಗಿ ಬೆಳೆಯುವುದುಂಟು. ಭಿನ್ನರಾಶಿ, ದಶಮಾಂಶ ಮತ್ತು ಭಾಗಲಬ್ಧ ಬೀಜೋಕ್ತಿ ಎಂಬ ಈ ಮೂರನ್ನು ಮೂರು ಬೇರೆ ಪಾಠಗಳೆಂದು ಕಲಿಸುವುದೇ ಇದರ ಮುಖ್ಯ ಕಾರಣವೆನ್ನಬೇಕು. ಮೂರರಲ್ಲಿಯೂ ನಡೆಯುವುದು ಒಂದೇ ಲೆಕ್ಕ, ಮತ್ತು ಮೂರರಲ್ಲಿಯೂ ಆಗುವ ತಪ್ಪು ಯಾವುದರ ಭಾಗ ಎಂಬುದನ್ನು ಮರೆಯುವ ಒಂದೇ ತಪ್ಪು.

ಭಿನ್ನರಾಶಿಯಲ್ಲಿ ಗೆರೆಯ ಕೆಳಗಿರುವ ಸಂಖ್ಯೆ ಛೇದ, ಮೇಲಿರುವುದು ಅಂಶ. ಇಡಿಯನ್ನು ಎಷ್ಟು ಸಮಪಾಲು ಮಾಡಲಾಗಿದೆ ಎಂಬುದನ್ನು ಛೇದ ತಿಳಿಸಿದರೆ, ಅಂಥ ಪಾಲುಗಳಲ್ಲಿ ಎಷ್ಟನ್ನು ತೆಗೆದುಕೊಳ್ಳಲಾಗಿದೆ ಎಂಬುದನ್ನು ಅಂಶ ತಿಳಿಸುತ್ತದೆ. ಒಂದು ಎಕರೆಗೆ 40 ಗುಂಟೆಯಾದ್ದರಿಂದ 35 ಗುಂಟೆ ಎಂದರೆ 35/40 ಎಕರೆ, ಸಂಕ್ಷೇಪಿಸಿದರೆ 7/8 ಎಕರೆ. ಈ ಲೆಕ್ಕದಲ್ಲಿ ಛೇದವೇ ಅಳತೆಯ ಮಾನವಾಗಿ ನಿಂತಿರುವುದರಿಂದ, ಎರಡು ಭಿನ್ನರಾಶಿಗಳನ್ನು ಕೂಡಬೇಕಾದರೆ ಮೊದಲು ಅವುಗಳ ಛೇದ ಒಂದಾಗಬೇಕು. ಗುಂಟೆಗೆ ಗುಂಟೆ ಕೂಡುತ್ತದೆ, ಸೆಂಟಿಗೆ ಸೆಂಟು ಕೂಡುತ್ತದೆ, ಆದರೆ ಗುಂಟೆಯನ್ನೂ ಸೆಂಟನ್ನೂ ಹಾಗೆಯೇ ಕೂಡಲಾಗದು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಲ್ಲಿ ಎಕರೆಯನ್ನು 100 ಸೆಂಟ್ಸ್ ಆಗಿ ಲೆಕ್ಕ ಹಾಕುತ್ತಾರೆ, ಘಟ್ಟದ ಮೇಲೆ 40 ಗುಂಟೆಯಾಗಿ. ಘಟ್ಟದ ಅಂಚಿನ ಕೊಟ್ಟಿಗೆಹಾರದ ಆಚೆಗೂ ಈಚೆಗೂ ಜಮೀನಿರುವ ಕುಟುಂಬವೊಂದು 10 ಗುಂಟೆಗೆ 10 ಸೆಂಟ್ಸ್ ಕೂಡಿಸಬೇಕಾದರೆ 1/40ರ ಮತ್ತು 1/100ರ ಭಾಗಗಳನ್ನು ಒಂದೇ ಛೇದಕ್ಕೆ ತರಲೇಬೇಕು. 40 ಮತ್ತು 100ರ ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 200. ಆದ್ದರಿಂದ 50/200ಕ್ಕೆ 20/200 ಸೇರಿ 70/200 ಎಕರೆ, ಎಂದರೆ 35 ಸೆಂಟ್ಸ್ ಅಥವಾ 14 ಗುಂಟೆ ಆಗುತ್ತದೆ.

ಪಹಣಿಯಲ್ಲಿ ಬರುವ ಚುಕ್ಕಿ ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಎರಡು ಎಕರೆ ಹತ್ತು ಗುಂಟೆಯನ್ನು 2.10 ಎಂದು ಬರೆಯುವ ರೂಢಿಯಿದೆ, ಆದರೆ ಇದು ದಶಮಾಂಶದ ಚುಕ್ಕಿಯಲ್ಲ. ದಶಮಾಂಶದಲ್ಲಿ ಚುಕ್ಕಿಯ ಬಲಗಡೆಯ ಮೊದಲ ಸ್ಥಾನ ಹತ್ತರ ಭಾಗವನ್ನೂ ಎರಡನೆಯದು ನೂರರ ಭಾಗವನ್ನೂ ಸೂಚಿಸಿದರೆ, ಪಹಣಿಯ ಚುಕ್ಕಿಯ ಬಲಗಡೆ ಇರುವುದು ನಲವತ್ತರ ಭಾಗ. 2.10ಕ್ಕೆ 1.35ನ್ನು ದಶಮಾಂಶದಂತೆ ಕೂಡಿದರೆ 3.45 ಬರುತ್ತದೆ, ಆದರೆ 45 ಗುಂಟೆಯಲ್ಲಿ ಒಂದು ಎಕರೆ ಐದು ಗುಂಟೆ ಇರುವುದರಿಂದ ನಿಜವಾದ ಮೊತ್ತ ನಾಲ್ಕು ಎಕರೆ ಐದು ಗುಂಟೆ. ಇದನ್ನೇ ದಶಮಾಂಶಕ್ಕೆ ಪರಿವರ್ತಿಸಿದರೆ 2.25ಕ್ಕೆ 1.875 ಸೇರಿ 4.125 ಎಕರೆಯಾಗುತ್ತದೆ, ಮತ್ತು 0.125 ಎಂದರೆ ಎಂಟನೆಯ ಒಂದು ಭಾಗವಾದ್ದರಿಂದ ಉತ್ತರ ತಾಳೆಯಾಗುತ್ತದೆ. 1957ರ ಏಪ್ರಿಲ್ 1ರಂದು ರೂಪಾಯಿ 16 ಆಣೆಯ ಲೆಕ್ಕದಿಂದ ಬಿಡುಗಡೆ ಹೊಂದಿ 100 ನಯಾ ಪೈಸೆಯಾಯಿತು, ಆದರೆ ಭೂಮಿಯ ಲೆಕ್ಕದಲ್ಲಿ ಗುಂಟೆಗೆ 16 ಆಣೆ ಎಂಬ ಭಾಗ ಇಂದಿಗೂ ಉಳಿದಿದೆ. ಈ ಕಾರಣದಿಂದ, ಪಹಣಿಯ ಒಂದು ಪ್ರತಿಯನ್ನು ಏಳನೆಯ ತರಗತಿಯ ಗಣಿತದ ಮೇಜಿನ ಮೇಲಿಡುವುದು ಯಾವ ಅಭ್ಯಾಸಪುಸ್ತಕಕ್ಕಿಂತಲೂ ಉಪಯುಕ್ತವಾದೀತು.

ಶುದ್ಧ ದಶಮಾಂಶವನ್ನು ಕಲಿಯಲು ಮಳೆಮಾಪಕವೇ ಸಾಕು. ಮಾರ್ಚ್-ಏಪ್ರಿಲ್‌ನ ಹೂಮಳೆ ಎಷ್ಟು ಬಿತ್ತೆಂಬುದು ಕಾಫಿ ಬೆಳೆಗಾರರ ಮನೆಗಳಲ್ಲಿ ವರ್ಷದ ಫಸಲನ್ನೇ ನಿರ್ಧರಿಸುವ ಸುದ್ದಿಯಾದ್ದರಿಂದ, ಇಂಚನ್ನು ನೂರು ಸೆಂಟ್ಸ್ ಆಗಿ ವಿಂಗಡಿಸಿ ಅಳೆಯುವ ಪದ್ಧತಿ ಇಲ್ಲಿ ಗಟ್ಟಿಯಾಗಿ ಬೇರೂರಿದೆ. ಒಂದು ಇಂಚು ಐದು ಸೆಂಟ್ಸ್ ಮಳೆಯನ್ನು 1.05 ಎಂದು ಬರೆಯಬೇಕೇ ಹೊರತು 1.5 ಎಂದಲ್ಲ. 1.5 ಎಂದರೆ ಒಂದೂವರೆ ಇಂಚು. 0.85 ಮತ್ತು 0.9ರಲ್ಲಿ ಯಾವುದು ದೊಡ್ಡದೆಂದು ಕೇಳಿದಾಗ, 85 ಒಂಬತ್ತಕ್ಕಿಂತ ದೊಡ್ಡದೆಂಬ ಕಾರಣಕ್ಕೆ 0.85 ಎನ್ನುವ ಮಗುವಿಗೆ, ಎಂಬತ್ತೈದು ಸೆಂಟ್ಸ್ ಮಳೆಯೋ ತೊಂಬತ್ತು ಸೆಂಟ್ಸ್ ಮಳೆಯೋ ಎಂದು ಕೇಳಿದರೆ ಉತ್ತರ ತಾನೇ ಹೊಳೆಯುತ್ತದೆ. ದಶಮಾಂಶವೂ ಭಿನ್ನರಾಶಿಯೇ, ಅದರ ಛೇದ ಮಾತ್ರ 10, 100, 1000 ಎಂಬ ಸಂಖ್ಯೆಗಳಿಗೆ ಸೀಮಿತವಾಗಿದೆ. ಆ ಸೀಮೆಯಿಂದಲೇ ಒಂದು ಇಕ್ಕಟ್ಟೂ ಹುಟ್ಟುತ್ತದೆ. ಹತ್ತರ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರವಾದ್ದರಿಂದ, ಸಂಕ್ಷೇಪಿಸಿದ ಛೇದದಲ್ಲಿ ಇವೆರಡಲ್ಲದೆ ಬೇರೆ ಅವಿಭಾಜ್ಯ ಅಪವರ್ತನವಿದ್ದರೆ ದಶಮಾಂಶ ಮುಗಿಯುವುದೇ ಇಲ್ಲ. ಒಂದು ಎಕರೆ ಮೂವರಲ್ಲಿ ಪಾಲಾದಾಗ ತಲಾ 33 ಸೆಂಟ್ಸ್ ಎಂದು ಬರೆದರೆ 99 ಸೆಂಟ್ಸ್ ಹಂಚಿಕೆಯಾಗಿ ಒಂದು ಸೆಂಟ್, ಎಂದರೆ 435.6 ಚದರ ಅಡಿ, ಯಾರ ಹೆಸರಿಗೂ ಸೇರದೆ ಉಳಿಯುತ್ತದೆ. 1/3 ಎಂದು ಬರೆದರೆ ಏನೂ ಉಳಿಯುವುದಿಲ್ಲ.

ಭಿನ್ನರಾಶಿಗಳ ಸಂಕಲನದಲ್ಲಿ ಮಕ್ಕಳು ಮಾಡುವ ಪ್ರಸಿದ್ಧ ತಪ್ಪು, ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿ 1/2 ಮತ್ತು 1/3ರ ಮೊತ್ತವನ್ನು 2/5 ಎನ್ನುವುದು. ಇದನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವ ಮೊದಲು ಅದರ ಮೂಲವನ್ನು ನೋಡಬೇಕು, ಏಕೆಂದರೆ ಕಾಫಿ ವ್ಯಾಪಾರದಲ್ಲಿ ಇದೇ ಲೆಕ್ಕ ಸರಿಯಾಗುವ ಸಂದರ್ಭವೊಂದಿದೆ. 50 ಕಿಲೋ ಒಣ ಚೆರಿಯಿಂದ ಎಷ್ಟು ಕಿಲೋ ಬೀಜ ಸಿಗುತ್ತದೆಂಬುದೇ ಔಟ್‌ಟರ್ನ್. ಒಂದು ಮೂಟೆಯ 50 ಕಿಲೋ ಚೆರಿಯಲ್ಲಿ 26 ಕಿಲೋ ಬೀಜ ಸಿಕ್ಕಿ, ಇನ್ನೊಂದು ರಾಶಿಯ 100 ಕಿಲೋದಲ್ಲಿ 50 ಕಿಲೋ ಸಿಕ್ಕರೆ, ಎರಡನ್ನೂ ಬೆರೆಸಿದ ರಾಶಿಯ ಪ್ರಮಾಣ 76/150. ಇಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದು ಸಂಪೂರ್ಣ ಸರಿ. ಆದರೆ 26/50 ಮತ್ತು 50/100ನ್ನು ಭಿನ್ನರಾಶಿಗಳಾಗಿ ಕೂಡಿದರೆ 1.02 ಬರುತ್ತದೆ, ಒಂದು ಕಿಲೋ ಚೆರಿಯಿಂದ ಒಂದು ಕಿಲೋಗೂ ಮಿಗಿಲಾದ ಬೀಜ ಬರಲು ಸಾಧ್ಯವಿಲ್ಲ. ವ್ಯತ್ಯಾಸ ಇರುವುದು ಇಡಿಯಲ್ಲಿ. ಬೆರೆಸುವಾಗ ಎರಡು ಇಡಿಗಳು ಸೇರಿ ದೊಡ್ಡದೊಂದು ಇಡಿಯಾಗುತ್ತದೆ, ಆದ್ದರಿಂದ ಛೇದವೂ ಬೆಳೆಯುತ್ತದೆ. ಒಂದೇ ಎಕರೆಯ ಅರ್ಧ ಭಾಗದಲ್ಲಿ ಅರೇಬಿಕಾವೂ ಮೂರನೆಯ ಒಂದು ಭಾಗದಲ್ಲಿ ರೋಬಸ್ಟಾವೂ ಇದ್ದರೆ ಇಡಿ ಒಂದೇ ಆಗಿ ಉಳಿಯುತ್ತದೆ, ಆಗ ಮೊತ್ತ 5/6. ಬೆರಕೆಯ ಲೆಕ್ಕವನ್ನೂ ಸಂಕಲನದ ಲೆಕ್ಕವನ್ನೂ ಹೀಗೆ ಎದುರುಬದುರು ಇಟ್ಟು ತೋರಿಸಿದ ಪಾಠವನ್ನು ಮಗು ಸುಲಭವಾಗಿ ಮರೆಯುವುದಿಲ್ಲ. ಅಡ್ಡ ಗುಣಾಕಾರದ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಮರುದಿನವೇ ಅದು ಮರೆತುಹೋಗುತ್ತದೆ.

ಗುಣಾಕಾರಕ್ಕೆ ಛೇದ ಒಂದಾಗಬೇಕಾದ ಅಗತ್ಯವಿಲ್ಲ, ಏಕೆಂದರೆ ಅಲ್ಲಿ ನಡೆಯುವುದು ಭಾಗದ ಭಾಗವನ್ನು ತೆಗೆಯುವ ಕೆಲಸ. ಮುಕ್ಕಾಲು ಎಕರೆಯ ಮೂರನೆಯ ಒಂದು ಪಾಲು ಕಾಲು ಎಕರೆ. ಭಾಗಾಕಾರದಲ್ಲಿ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವ ನಿಯಮವಿದೆ, ತಲೆಕೆಳಗಾದ ಆ ರೂಪಕ್ಕೆ ವ್ಯುತ್ಕ್ರಮ ಎಂದು ಹೆಸರು. ಮೂರು ಲೀಟರ್ ದ್ರಾವಣವನ್ನು ಮುಕ್ಕಾಲು ಲೀಟರಿನಂತೆ ಹಂಚಿದರೆ ನಾಲ್ಕು ಪಾಲು ಬರುವುದನ್ನು ಕಣ್ಣಾರೆ ಕಂಡ ಮಗುವಿಗೆ, ಭಾಗಿಸಿದಾಗ ಉತ್ತರ ದೊಡ್ಡದಾಗುವುದು ವಿಚಿತ್ರವೆನಿಸುವುದಿಲ್ಲ.

ಈ ನಿಯಮಗಳು ಕನ್ನಡ ನಾಡಿಗೆ ಇಂಗ್ಲಿಷ್ ಶಾಲೆಗಳ ಜೊತೆಗೆ ಬಂದವಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಇಡೀ ಅಧ್ಯಾಯ ಭಿನ್ನರಾಶಿಗಳಿಗೇ ಮೀಸಲಾಗಿದೆ. ‘ಕಲಾಸವರ್ಣ ವ್ಯವಹಾರ’ ಎಂಬ ಆ ಅಧ್ಯಾಯದಲ್ಲಿ ಸರಳ ಭಿನ್ನರಾಶಿ, ಭಾಗದ ಭಾಗ, ಭಾಗದೊಳಗೆ ಭಾಗವಿರುವ ಸಂಕೀರ್ಣ ಭಿನ್ನರಾಶಿ ಮೊದಲಾದ ಬಗೆಗಳನ್ನು ಬೇರೆಬೇರೆಯಾಗಿ ವಿವರಿಸಲಾಗಿದೆ, ಛೇದಗಳನ್ನು ಸಮಗೊಳಿಸಲು ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ ಎಂಬ ಹೆಸರಿನಿಂದ ಬಳಸಲಾಗಿದೆ. ಒಂದನ್ನು, ಅಂಶದಲ್ಲಿ ಒಂದೇ ಇರುವ ಹಲವು ಭಿನ್ನರಾಶಿಗಳ ಮೊತ್ತವಾಗಿ ಒಡೆಯುವ ಸೂತ್ರವನ್ನೂ ಆತ ಕೊಟ್ಟಿದ್ದಾನೆ. ಆ ಸೂತ್ರದಂತೆ ನಾಲ್ಕು ಪದಗಳಿಗೆ 1/2, 1/3, 1/9, 1/18 ಬರುತ್ತವೆ, ಛೇದವನ್ನು 18ಕ್ಕೆ ತಂದರೆ ಅಂಶಗಳು 9, 6, 2, 1 ಆಗಿ ಮೊತ್ತ ಸರಿಯಾಗಿ ಒಂದಾಗುತ್ತದೆ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಈ ಗ್ರಂಥ, ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ 2000ರಲ್ಲಿ ಮಲೆನಾಡಿನ ಹೊಂಬುಜದಿಂದ ಹೊರಬಂದಿತು. ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದ ರಾಜಾದಿತ್ಯ 12ನೆಯ ಶತಮಾನದವನು.

ಬೀಜಗಣಿತಕ್ಕೆ ಬಂದಾಗ ಅಂಶ-ಛೇದಗಳಲ್ಲಿ ಸಂಖ್ಯೆಯ ಬದಲು ಬಹುಪದೋಕ್ತಿಗಳು, ಅಂದರೆ x, x+4, x²−16ರಂಥ ಪದಸಮೂಹಗಳು ಇರುತ್ತವೆ. ಅಂಥ ಭಿನ್ನರಾಶಿಯೇ ಭಾಗಲಬ್ಧ ಬೀಜೋಕ್ತಿ. ಕಾಫಿ ಒಣಗಿಸುವ ಕಣದಲ್ಲಿ ಇದಕ್ಕೆ ಉತ್ತಮ ನಿದರ್ಶನ ಸಿಗುತ್ತದೆ. ತೊಳೆದ ಹಸಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಳಹೊಟ್ಟು ಉಳಿಸಿದ ಬೀಜ, 100 ಕಿಲೋ ಇದ್ದು ಅದರಲ್ಲಿ ಶೇ. 55ರಷ್ಟು ತೇವಾಂಶವಿದೆ ಎಂದಿಟ್ಟುಕೊಂಡು, ತೇವಾಂಶ ಶೇ. 10ಕ್ಕೆ ಇಳಿಯುವವರೆಗೆ ಒಣಗಿಸಿದರೆ ಎಷ್ಟು ಕಿಲೋ ಉಳಿಯುತ್ತದೆ? ಐವತ್ತೈದರಲ್ಲಿ ಹತ್ತು ಕಳೆದು 45 ಕಿಲೋ ನೀರು ಹೋಯಿತೆಂದು, 55 ಕಿಲೋ ಉಳಿಯಿತೆಂದು ಹೇಳುವವರೇ ಹೆಚ್ಚು. ಆದರೆ ಶೇ. 55 ಎಂಬುದು ಹಸಿ ತೂಕದ ಭಾಗ, ಶೇ. 10 ಎಂಬುದು ಒಣ ತೂಕದ ಭಾಗ, ಎರಡರ ಇಡಿ ಬೇರೆಬೇರೆ. ಬದಲಾಗದೆ ಉಳಿಯುವುದು ನೀರಲ್ಲದ 45 ಕಿಲೋ ಮಾತ್ರ, ಅದು ಒಣಗಿದ ಮೇಲೆ ಒಟ್ಟು ತೂಕದ ಶೇ. 90 ಆಗಬೇಕು, ಆದ್ದರಿಂದ ಉತ್ತರ ಸರಿಯಾಗಿ 50 ಕಿಲೋ. ಆರಂಭದ ತೂಕ w, ಆರಂಭದ ತೇವಾಂಶ m, ಕೊನೆಯ ತೇವಾಂಶ n ಎಂದಾದರೆ ಉಳಿಯುವ ತೂಕ w(100−m)/(100−n). ಈ ಬೀಜೋಕ್ತಿಯಲ್ಲಿ n ನೂರಾದರೆ ಛೇದ ಸೊನ್ನೆಯಾಗಿ ಬೀಜೋಕ್ತಿಗೆ ಅರ್ಥವೇ ಇಲ್ಲದಂತಾಗುತ್ತದೆ. ಪೂರ್ತಿ ನೀರೇ ಆಗಿರುವ ಕಾಫಿ ಬೀಜ ಇರಲಾರದು ಎಂಬ ಕಣದ ಸತ್ಯವೂ, ಸೊನ್ನೆಯಿಂದ ಭಾಗಿಸಕೂಡದು ಎಂಬ ಗಣಿತದ ನಿಷೇಧವೂ ಇಲ್ಲಿ ಒಂದೇ ಆಗಿವೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯನಂಥ ಮೇಧಾವಿಯೂ ಬರೆದಿರುವಾಗ, ಈ ನಿಷೇಧವನ್ನು ಮಕ್ಕಳಿಗೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗುವುದು ನ್ಯಾಯವಲ್ಲ.

ಸಂಕ್ಷೇಪಣೆಯಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು. (x+4)/x ಎಂಬುದರಲ್ಲಿ ಮೇಲಿನ x ಮತ್ತು ಕೆಳಗಿನ xಗಳನ್ನು ಹೊಡೆದು 4 ಎಂದು ಬರೆಯುವ ವಿದ್ಯಾರ್ಥಿಗಳು ಎಲ್ಲ ಶಾಲೆಗಳಲ್ಲಿಯೂ ಸಿಗುತ್ತಾರೆ. xನ ಜಾಗದಲ್ಲಿ 8ನ್ನು ಇಟ್ಟು ನೋಡಿದರೆ 12/8, ಅಂದರೆ 1.5 ಬರುತ್ತದೆ, ನಾಲ್ಕಲ್ಲ. ಹೊಡೆದುಹಾಕಬಹುದಾದದ್ದು ಗುಣಿಸಿ ನಿಂತಿರುವ ಅಪವರ್ತನವನ್ನೇ ಹೊರತು ಕೂಡಿ ನಿಂತಿರುವ ಪದವನ್ನಲ್ಲ. (x²−16)/(x−4) ಎಂಬಲ್ಲಿ ಅಂಶವನ್ನು (x−4)(x+4) ಎಂದು ಅಪವರ್ತಿಸಿದ ಮೇಲೆ x−4ನ್ನು ಹೊಡೆಯಬಹುದು, ಉತ್ತರ x+4. ಆದರೆ x ನಾಲ್ಕಾಗಿರಬಾರದೆಂಬ ಷರತ್ತನ್ನು ಪಕ್ಕದಲ್ಲಿ ಬರೆದಿಡಬೇಕು.

ಹತ್ತನೆಯ ತರಗತಿಯ ವರ್ಗಸಮೀಕರಣದ ಅಧ್ಯಾಯದಲ್ಲಿ ಇವೆಲ್ಲವೂ ಒಟ್ಟಿಗೆ ಕೂಡುತ್ತವೆ. ಒಂದು ತೋಟದ ಹಣ್ಣನ್ನು ಒಂದು ತಂಡ x ದಿನಗಳಲ್ಲಿಯೂ ಇನ್ನೊಂದು ತಂಡ x+4 ದಿನಗಳಲ್ಲಿಯೂ ಕೊಯ್ದು ಮುಗಿಸಬಲ್ಲವು, ಎರಡೂ ಸೇರಿದರೆ ದಿನಕ್ಕೆ ತೋಟದ 5/24 ಭಾಗ ಮುಗಿಯುತ್ತದೆ ಎಂದಾದರೆ, 1/x ಮತ್ತು 1/(x+4)ರ ಮೊತ್ತ 5/24 ಆಗಬೇಕು. ಸಾಮಾನ್ಯ ಛೇದ x(x+4)ನ್ನು ತೆಗೆದುಕೊಂಡರೆ ಎಡಗಡೆ (2x+4)/(x(x+4)) ಆಗಿ, ಸಮೀಕರಣ 5x²−28x−96=0 ಎಂಬ ರೂಪಕ್ಕೆ ಬರುತ್ತದೆ, ಅದರ ಮೂಲಗಳು 8 ಮತ್ತು −2.4. ಎಂಟು ದಿನ, ಹನ್ನೆರಡು ದಿನ ಎಂದು ತಾಳೆ ನೋಡಿದರೆ 1/8 ಮತ್ತು 1/12ರ ಮೊತ್ತ 3/24+2/24, ಅಂದರೆ 5/24 ಎಂದು ಸರಿಹೊಂದುತ್ತದೆ. −2.4ನ್ನು ಇಟ್ಟರೆ ಯಾವ ಛೇದವೂ ಸೊನ್ನೆಯಾಗುವುದಿಲ್ಲ, ಸಮೀಕರಣವೂ ಸರಿಯಾಗಿಯೇ ನಿಲ್ಲುತ್ತದೆ, ಆದರೆ ಕೊಯ್ಲಿನ ದಿನಗಳು ಋಣಸಂಖ್ಯೆಯಾಗಲಾರದ ಕಾರಣ ಅದನ್ನು ಬಿಡಬೇಕಾಗುತ್ತದೆ. ಛೇದ ಸೊನ್ನೆಯಾಗುವ ಬೆಲೆಯನ್ನು ಗಣಿತ ತಿರಸ್ಕರಿಸುತ್ತದೆ, ಈ ಋಣಮೂಲವನ್ನು ತಿರಸ್ಕರಿಸುವುದು ತೋಟ. ಇವೆರಡು ಕಾರಣಗಳಲ್ಲಿ ಯಾವುದರಿಂದ ಯಾವ ಬೆಲೆಯನ್ನು ಕೈಬಿಡಲಾಯಿತೆಂಬುದನ್ನು ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆಯುವಂತಾಗಬೇಕು.