ಕಾಣುವ ಕೆರೆ, ಕಾಣದ ಕೆರೆ

ಊರಲ್ಲಿ ಒಬ್ಬರ ಬೋರು ಬತ್ತಿತು ಎನ್ನಿ. ಮಳೆ ಕೈಕೊಟ್ಟಿತು ಎನ್ನುತ್ತಾರೆ ಒಬ್ಬರು. ಪಕ್ಕದ ಹೊಲದವರು ಆಳಕ್ಕೆ ಕೊರೆಸಿದ್ದೇ ಕಾರಣ ಎನ್ನುತ್ತಾರೆ ಇನ್ನೊಬ್ಬರು. ಎರಡರಲ್ಲೂ ಒಂದಿಷ್ಟು ನಿಜ ಇರಬಹುದು. ಆದರೆ ಬಿಡಿಬಿಡಿಯಾಗಿ ನೋಡಿದಾಗ ಸಿಗದ ಕಾರಣ, ಇಡಿಯಾಗಿ ನೋಡಿದಾಗ ಸಿಗುತ್ತದೆ. ಹೀಗೆ ನೋಡುವ ಕ್ರಮಕ್ಕೆ ವ್ಯವಸ್ಥಾ ಚಿಂತನೆ ಎಂದು ಹೆಸರು. ಇದನ್ನು ಲೆಕ್ಕದ ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ಜೇ ಫಾರೆಸ್ಟರ್. ದನ ಸಾಕುವ ಮನೆತನದಲ್ಲಿ ಹುಟ್ಟಿ ಇಂಜಿನಿಯರಾದ ಇವರು 1950ರ ದಶಕದಲ್ಲಿ ಈ ಕೆಲಸ ಆರಂಭಿಸಿದರು. ಹೆಸರು ದೊಡ್ಡದಾದರೂ ವಿಷಯ ಕೆರೆ ಏರಿಯ ಮೇಲೆ ನಿಂತರೆ ತಿಳಿಯುವಂಥದ್ದು.

ಕೆರೆಯಲ್ಲಿ ನಿಂತಿರುವ ನೀರು ದಾಸ್ತಾನು. ಹಳ್ಳದಿಂದ ಬರುವುದು ಒಳಹರಿವು. ತೂಬಿನಿಂದ ಹೋಗುವುದು, ಬಿಸಿಲಿಗೆ ಆರುವುದು ಹೊರಹರಿವು. ಬರುವುದಕ್ಕಿಂತ ಹೋಗುವುದು ಹೆಚ್ಚಾದರೆ ದಾಸ್ತಾನು ಇಳಿಯುತ್ತದೆ. ಇಳಿದದ್ದು ಎಲ್ಲರಿಗೂ ಕಾಣುತ್ತದೆ. ನೀರಗಂಟಿ ತೂಬನ್ನು ಬಿಗಿ ಮಾಡುತ್ತಾನೆ. ಅಂದರೆ ದಾಸ್ತಾನಿನ ಸ್ಥಿತಿಯೇ ಹರಿವನ್ನು ತಿದ್ದುತ್ತದೆ. ಇದು ಸಮತೋಲನದ ಸುತ್ತು.

ನೆಲದೊಳಗಿನ ನೀರೂ ಒಂದು ಕೆರೆಯೇ, ಆದರೆ ಕಾಣದ ಕೆರೆ. ಮಡಕಶಿರಾ, ರಾಯದುರ್ಗದ ಸೀಮೆಯದು ಹೆಚ್ಚಾಗಿ ಗಟ್ಟಿ ಕಲ್ಲಿನ ನೆಲ. ನೀರು ನಿಲ್ಲುವುದು ಮೇಲಿನ ಸವೆದ ಕಲ್ಲಿನಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕು ಕಡಿಮೆ.

ಒಂದು ಸ್ಥೂಲ ಲೆಕ್ಕ ಹಾಕೋಣ. ವರ್ಷಕ್ಕೆ 550 ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 22 ಲಕ್ಷ ಲೀಟರ್. ಇಂಥ ನೆಲದಲ್ಲಿ ಅದರ ಹತ್ತರಲ್ಲೊಂದು ಪಾಲು ಇಂಗಿದರೆ 2 ಲಕ್ಷ ಚಿಲ್ಲರೆ. ಬೇಸಿಗೆಯಲ್ಲಿ ಬೋರಿನಿಂದ ಬೆಳೆಯುವ ಒಂದೆಕರೆ ಭತ್ತಕ್ಕೆ 48 ಲಕ್ಷ ಲೀಟರ್ ಬೇಕಾದೀತು. ಅದರಲ್ಲಿ ಅರ್ಧ ಮರಳಿ ಇಂಗಿತೆಂದರೂ, ಹತ್ತೆಕರೆಗೂ ಮೀರಿದ ಜಮೀನಿನ ಇಂಗಿದ ನೀರನ್ನು ಆ ಒಂದೆಕರೆ ಕುಡಿಯಿತು.

ದಾಸ್ತಾನು ಇಳಿದಾಗ ಇಲ್ಲಿ ತೂಬು ಬಿಗಿಯುವವರಿಲ್ಲ. ಒಬ್ಬರು ಆಳಕ್ಕೆ ಕೊರೆಸುತ್ತಾರೆ. ನೀರು ಇನ್ನೂ ಇಳಿಯುತ್ತದೆ. ಪಕ್ಕದವರೂ ಸಾಲ ಮಾಡಿ ಕೊರೆಸುತ್ತಾರೆ. ಸಾಲ ತೀರಬೇಕಾದರೆ ಹೆಚ್ಚು ಹಣದ ಬೆಳೆ ಬೇಕು. ಅದಕ್ಕೆ ಬಹುಪಾಲು ಹೆಚ್ಚು ನೀರೂ ಬೇಕು. ನೀರು ಮತ್ತೆ ಇಳಿಯುತ್ತದೆ. ಚಕ್ರಬಡ್ಡಿಯಂತೆ ತಾನೇ ತನ್ನನ್ನು ಬೆಳೆಸಿಕೊಳ್ಳುವ ಇದು ಏರಿಕೆಯ ಸುತ್ತು. ಇದರೊಳಗೆ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮ್ಮ ಮನೆಗೆ ಸರಿ ಕಂಡದ್ದನ್ನೇ ಮಾಡಿದ್ದಾರೆ. ಒಟ್ಟು ಸೇರಿ ಊರಿಗೇ ನಷ್ಟವಾಗಿದೆ.

ಇನ್ನೊಂದು ತೊಡಕು, ತಡ. ಈ ವರ್ಷ ಹೆಚ್ಚಾಗಿ ಎತ್ತಿದ್ದರ ಪರಿಣಾಮ ಕೆಲವು ವರ್ಷ ಬಿಟ್ಟು ಗೊತ್ತಾಗಬಹುದು. ನಡುವೆ ಒಂದು ಒಳ್ಳೆಯ ಮಳೆ ಬಂದರೆ ಎಲ್ಲ ಸರಿಹೋಯಿತೆಂದು ತೋರುತ್ತದೆ. ಚೆಕ್ ಡ್ಯಾಂ ಕಟ್ಟಿದರೆ ಒಳಹರಿವು ಹೆಚ್ಚುತ್ತದೆ, ನಿಜ. ಅದನ್ನು ನಂಬಿ ಹತ್ತು ಹೊಸ ಬೋರು ಬಂದರೆ ಹೊರಹರಿವು ಅದನ್ನೂ ಮೀರುತ್ತದೆ.

ಹಾಗಾದರೆ ದಾರಿ ಎಲ್ಲಿ? ಕಾಣದ ಕೆರೆಯನ್ನು ಕಾಣುವಂತೆ ಮಾಡುವುದರಲ್ಲಿ. 2000ರ ದಶಕದಲ್ಲಿ ಅನಂತಪುರ, ಕರ್ನೂಲು ಸೇರಿದಂತೆ ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ ಇಂಥ ಪ್ರಯತ್ನ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವೂ ಇತ್ತು. ರೈತ ಗಂಡಸರು, ಹೆಂಗಸರು ತಾವೇ ಮಳೆ ಅಳೆದರು, ಬೋರಿನ ನೀರಿನ ಮಟ್ಟ ಅಳೆದರು. ಹಿಂಗಾರು ಬಿತ್ತನೆಗೆ ಮುಂಚೆ ಒಟ್ಟಿಗೆ ಕುಳಿತು, ಇರುವ ನೀರೆಷ್ಟು, ಬೇಕಾದ ನೀರೆಷ್ಟು ಎಂದು ಲೆಕ್ಕ ಹಾಕಿದರು. ಇಂಥ ಬೆಳೆಯನ್ನೇ ಇಡಿ ಎಂಬ ಬಲವಂತ ಇರಲಿಲ್ಲ. ಆದರೂ ಹಲವರು ಭತ್ತ ತಗ್ಗಿಸಿ ಕಡಿಮೆ ನೀರಿನ ಬೆಳೆಗೆ ತಿರುಗಿದರು. ಸೇರಿದ್ದು ಮಾಹಿತಿ ಮಾತ್ರ. ಕಳೆದುಹೋಗಿದ್ದ ಸಮತೋಲನದ ಸುತ್ತಿಗೆ ಅದರಿಂದಲೇ ಮತ್ತೆ ಜೀವ ಬಂತು.

ಆದ್ದರಿಂದ ಕೇಳುಗರೇ, ಬೋರಿನ ಲಾರಿ ಕರೆಸುವ ಮೊದಲು ನಾಲ್ಕು ಮಂದಿ ಕುಳಿತು ಕೇಳಿಕೊಳ್ಳಿ: ದಾಸ್ತಾನು ಎಷ್ಟು? ಬರುವುದೆಷ್ಟು, ಹೋಗುವುದೆಷ್ಟು? ನಾನು ಇಂದು ಮಾಡಿದ್ದು ಯಾವಾಗ, ಯಾರ ಬಾಗಿಲಿಗೆ ತಿರುಗಿ ಬಂದೀತು? ಭತ್ತವನ್ನು ವರಿ ಎಂದು ಕರೆಯುವ ನೆರೆಯವರನ್ನೂ ಜೊತೆಗೆ ಕೂರಿಸಿಕೊಳ್ಳಿ. ನೆಲದೊಳಗಿನ ನೀರಿಗೆ ಭಾಷೆಯ ಗಡಿ ಇಲ್ಲ.