ಉಗಿಬಂಡಿಯ ಕೂಗು: ಅದರ ಲಘು-ಗುರುಗಳೂ ಧ್ವನಿಯೂ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯು ಎರಡು ಕಂತುಗಳಲ್ಲಿ ಬೆಳೆದುದು. ಮೈಸೂರು ನಂಜನಗೂಡುಗಳ ನಡುವಣ ಭಾಗವು ೧೮೯೧ರಲ್ಲಿಯೂ, ಅಲ್ಲಿಂದ ಚಾಮರಾಜನಗರದವರೆಗಿನ ಭಾಗವು ೧೯೨೬ರಲ್ಲಿಯೂ ಸಂಚಾರಕ್ಕೆ ತೆರೆಯಲ್ಪಟ್ಟುವು. ಈ ಎರಡನೆಯ ಭಾಗದಲ್ಲಿ ನರಸಾಂಬುಧಿ, ಕವಲಂದೆಗಳನ್ನು ದಾಟಿದ ಮೇಲೆ ಬದನಗುಪ್ಪೆಯೆಂಬ ಸಣ್ಣ ನಿಲ್ದಾಣವು ದೊರೆಯುತ್ತದೆ. ದಾರಿಯು ಮೊದಲು ಒಂದು ಮೀಟರ್ ಅಗಲದ ಹಳಿಯದು. ಅದರ ಮೇಲೆ ಓಡಿದುವು ಉಗಿಯಂತ್ರಗಳು. ೧೯೫೦ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ಭಾರತ ಸರಕಾರಕ್ಕೆ ಸೇರಿ, ಮರುವರ್ಷ ದಕ್ಷಿಣ ರೈಲ್ವೆಯ ಅಂಗವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಕಿರುಹಳಿಯು ಅಗಲಹಳಿಯಾಯಿತು. ಉಗಿಯಂತ್ರಗಳು ಅದಕ್ಕೂ ಮೊದಲೇ ಮರೆಯಾಗಿದ್ದುವು. ನಂಜನಗೂಡಿನಲ್ಲಿ ಕಪಿಲೆಗೆ ೧೭೩೫ರಲ್ಲಿ ಕಟ್ಟಿದ ಕಲ್ಲುಸೇತುವೆಯು ಎತ್ತಿನ ಬಂಡಿಯನ್ನೂ ಅನಂತರ ರೈಲುಬಂಡಿಯನ್ನೂ ಹೊತ್ತು, ಇಂದಿಗೂ ಕಣ್ಣಿಗೆ ಕಾಣುವಂತೆ ನಿಂತಿದೆ. ಆದರೆ ಕಿವಿಗೆ ಸೇರಿದ್ದ ವಸ್ತುವೊಂದು, ಎಂದರೆ ಬಯಲಿನ ಮೇಲೆ ಹಬ್ಬುತ್ತಿದ್ದ ಯಂತ್ರದ ಕೂಗು, ಏನಾಯಿತು? ಅದರಲ್ಲಿ ಉಳಿದುದು ಯಾವುದು, ಅಳಿದುದು ಯಾವುದು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಮೊದಲು ವಾದ್ಯದ ರಚನೆಯನ್ನು ತಿಳಿಯತಕ್ಕದ್ದು. ಏಕೆಂದರೆ ಈ ಸಿಳ್ಳು ನಿಜವಾಗಿಯೂ ಒಂದು ವಾದ್ಯವೇ. ಉಗಿಯಂತ್ರದ ಬೆನ್ನಿನ ಮೇಲೆ, ಚಾಲಕನ ಗೂಡಿಗೆ ಸಮೀಪವಾಗಿ, ಬೋರಲು ಹಾಕಿದ ಬಟ್ಟಲಿನಂತಹ ಹಿತ್ತಾಳೆಯ ಗಂಟೆಯೊಂದಿರುವುದು. ಅದರ ಕೆಳಗೆ ಉಂಗುರದಾಕಾರದ ಕಿರಿದಾದ ಸೀಳು. ಚಾಲಕನು ಹಿಡಿಯನ್ನು ಎಳೆದಾಗ ಕೊಪ್ಪರಿಗೆಯ ಉಗಿಯು ಆ ಸೀಳಿನಿಂದ ಹಾಳೆಯಂತೆ ಮೇಲಕ್ಕೆ ಚಿಮ್ಮಿ ಗಂಟೆಯ ಅಂಚನ್ನು ತಾಕುತ್ತದೆ; ಒಳಗಣ ಉಗಿಯ ಕಂಬವು ಕಂಪಿಸತೊಡಗುತ್ತದೆ. ಇಲ್ಲಿ ನುಡಿಯುವುದು ಲೋಹವಲ್ಲ, ಅದರೊಳಗಿನ ವಾಯು. ಆದಕಾರಣ ಇದು ಹೆಸರಿಗೆ ಗಂಟೆಯಾದರೂ ಜಾತಿಯಲ್ಲಿ ಕೊಳಲಿನ ನೆಂಟ.

ಒಂದು ಕಡೆ ಮುಚ್ಚಿದ ಕೊಳವೆಯ ಶ್ರುತಿಯು ಅದರ ಉದ್ದವನ್ನೂ, ಒಳಗಿರುವ ವಾಯುವಿನಲ್ಲಿ ಶಬ್ದದ ವೇಗವನ್ನೂ ಅವಲಂಬಿಸಿರುತ್ತದೆ. ಮೂವತ್ತು ಅಂಶ ಶಾಖದ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೫೦ ಮೀಟರ್ ಹರಿದರೆ, ಕುದಿಬಿಂದುವಿನ ಉಗಿಯಲ್ಲಿ ಸುಮಾರು ೪೭೫ ಮೀಟರ್ ಹರಿಯುವುದು. ಹದಿನೈದು ಸೆಂಟಿಮೀಟರ್ ಉದ್ದದ ಗಂಟೆಯನ್ನು ಗಾಳಿಯಿಂದ ಊದಿದರೆ ಸೆಕೆಂಡಿಗೆ ೫೮೦ರಷ್ಟು, ಉಗಿಯಿಂದ ಊದಿದರೆ ೭೯೦ರಷ್ಟು ಕಂಪನಗಳಾಗುವುವು. ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಒಂದೇ ಗಂಟೆಯು ಗಾಳಿಯಲ್ಲಿ ಷಡ್ಜವನ್ನು ಹಿಡಿದರೆ ಉಗಿಯಲ್ಲಿ ಹೆಚ್ಚು ಕಡಿಮೆ ಶುದ್ಧ ಮಧ್ಯಮವನ್ನು ಮುಟ್ಟುತ್ತದೆ. ಗಂಟೆಯಲ್ಲಿದ್ದ ತಣ್ಣನೆಯ ಗಾಳಿಯು ಹೊರಟು ಬಿಸಿಯುಗಿಯು ತುಂಬುವ ತನಕ ಸ್ವರವು ಕೆಳಗಿನಿಂದ ಜಾರಿ ಮೇಲೇರುವುದು ಈ ಕಾರಣದಿಂದಲೇ. ಕೇಳುವವನಿಗೆ ಅದು ನಿಡಿದಾದ ಒಂದು ಗಮಕದಂತೆ ತೋರುತ್ತಿತ್ತು.

೨

ವಾದ್ಯಕ್ಕೆ ಸ್ವರವಿದ್ದಂತೆ ಕೂಗಿಗೆ ಛಂದಸ್ಸೂ ಉಂಟು. ರೈಲ್ವೆಯ ನಿಯಮಾವಳಿಯಲ್ಲಿ ಸಿಳ್ಳುಗಳನ್ನು ಗಿಡ್ಡ, ಉದ್ದ ಎಂದು ಎರಡಾಗಿ ವಿಂಗಡಿಸಿ, ಅವುಗಳ ಜೋಡಣೆಗೆ ನಿಯತವಾದ ಅರ್ಥಗಳನ್ನು ಕೊಟ್ಟಿದೆ. ಇವನ್ನು ಲಘು, ಗುರು ಎಂದು ಕರೆದರೆ ನಾಗವರ್ಮನ ಛಂದೋಂಬುಧಿಯನ್ನು ಬಲ್ಲವರಿಗೆ ವಿಷಯವು ಥಟ್ಟನೆ ಹೊಳೆಯುವುದು. ಎರಡು ಲಘುಗಳು ಗಾರ್ಡಿನ ಸಂಜ್ಞೆಯನ್ನು ಬೇಡುತ್ತವೆ. ಒಂದು ಗುರು, ಒಂದು ಲಘು ಬಂದರೆ ಬಿರಿಯನ್ನು ಸಡಿಲಿಸಬೇಕು. ಮೂರು ಲಘುಗಳು, ಎಂದರೆ ನಗಣವು, ಗಾರ್ಡು ಬಿರಿಯನ್ನು ಹಾಕಲೆಂಬ ಆಜ್ಞೆ. ಲಘು ಗುರು ಲಘುವಾದ ಜಗಣವು ಟೋಕನ್ ದೊರೆತಿಲ್ಲವೆಂಬುದನ್ನು ಸಾರುತ್ತದೆ; ಒಂಟಿಹಳಿಯ ದಾರಿಯಲ್ಲಿ ಆ ಗುರುತನ್ನು ಕೈಗೆ ಪಡೆಯದೆ ಮುಂದಿನ ನಿಲ್ದಾಣದ ಕಡೆಗೆ ಹೊರಡುವಂತಿಲ್ಲ. ಎರಡು ಲಘುಗಳ ಮೇಲೆ ಒಂದು ಗುರುವುಳ್ಳ ಸಗಣವು ಯಾರೋ ಅಪಾಯದ ಸರಪಣಿಯನ್ನು ಎಳೆದಿರುವರೆಂದು ಹೇಳುತ್ತದೆ. ಗುರು ಲಘು, ಗುರು ಲಘು ಎಂದು ಎರಡಾವರ್ತಿ ಬಂದರೆ ಬಂಡಿಯು ನಡುವೆ ತುಂಡಾಗಿದೆಯೆಂದು ತಿಳಿಯಬೇಕು. ಹಳಿಯನ್ನು ರಸ್ತೆಯು ಅಡ್ಡಹಾಯುವಲ್ಲಿ ಹೊಲದ ಜನರು ಕೇಳುತ್ತಿದ್ದುದು ಬಿಡದೆ ಎಳೆದ ಒಂದೇ ಒಂದು ಗುರುವನ್ನು.

ಈ ಛಂದಸ್ಸಿನಲ್ಲಿ ಮಾತ್ರಾಲೋಪವು ಕೇವಲ ಕಾವ್ಯದೋಷವಲ್ಲ. ನಾಲ್ಕು ಲಘುಗಳು ಬಂದರೆ ಬಂಡಿಯು ಮುಂದೆ ಹೋಗಲಾರದು, ಗಾರ್ಡು ಹಿಂದುಗಡೆಯ ದಾರಿಯನ್ನು ಕಾಯಬೇಕು ಎಂದು ಅರ್ಥ. ಆಗ ಆತನು ಹಳಿಯ ಗುಂಟ ಹಿಂದಕ್ಕೆ ನಡೆದು, ಬರಬಹುದಾದ ಬೇರೊಂದು ಬಂಡಿಯನ್ನು ತಡೆಯಲು ಎಚ್ಚರಿಕೆಯ ಪಟಾಕಿಗಳನ್ನು ಹಳಿಯ ಮೇಲಿರಿಸತಕ್ಕವನು. ಮೂರನ್ನು ಕೇಳಿದವನು ತನ್ನ ಡಬ್ಬಿಯಲ್ಲಿಯೇ ನಿಂತು ಬಿರಿಯನ್ನು ತಿರುಗಿಸುತ್ತಾನೆ. ನಾಲ್ಕನ್ನು ಕೇಳಿದವನು ಕೆಳಗಿಳಿದು ಓಡುತ್ತಾನೆ. ಒಂದು ಲಘುವಿನ ಅಂತರದಲ್ಲಿ ಪ್ರಯಾಣಿಕರ ಪ್ರಾಣವಿರುತ್ತಿತ್ತು. ಪದ್ಯಕ್ಕೂ ಇದಕ್ಕೂ ಇರುವ ಭೇದವನ್ನೂ ಇಲ್ಲಿ ಹೇಳಬೇಕು. ಪದ್ಯದಲ್ಲಿ ಗುರುವಿಗೆ ಎರಡು ಮಾತ್ರೆಗಳೆಂಬ ಅಳತೆಯುಂಟು. ಸಿಳ್ಳಿನಲ್ಲಿ ಉದ್ದವು ಗಿಡ್ಡಕ್ಕಿಂತ ಸ್ಪಷ್ಟವಾಗಿ ಉದ್ದವಾಗಿದ್ದರೆ ಸಾಕು. ಆದರೆ ಎರಡಕ್ಕೂ ಸಮಾನವಾದುದು ಯತಿ. ನಡುವಣ ಮೌನವು ಕೆಟ್ಟರೆ ಎರಡು ಲಘುಗಳು ಬೆಸೆದು ಗುರುವಾಗುವುವು, ಅರ್ಥವು ಅನರ್ಥವಾಗುವುದು.

೩

ಇಷ್ಟು ಮಾತ್ರವೇ ಆಗಿದ್ದರೆ ಉಗಿಯಂತ್ರವು ಹೋದುದರಿಂದ ಕೂಗಿಗೆ ಯಾವ ನಷ್ಟವೂ ಆಗಿಲ್ಲವೆನ್ನಬಹುದು. ಡೀಸೆಲ್ ಯಂತ್ರಗಳೂ ವಿದ್ಯುದ್ಯಂತ್ರಗಳೂ ಇದೇ ಲಘು-ಗುರುಗಳನ್ನು ಒತ್ತುಗಾಳಿಯ ಕಹಳೆಯಿಂದ ನುಡಿಯುತ್ತಿವೆ, ನಿಯಮವು ಪುಸ್ತಕದಲ್ಲಿದೆ. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಅಭಿಧೆಯು ಸುರಕ್ಷಿತವಾಗಿದೆ. ನಷ್ಟವಾದುದು ಅದರಾಚೆಗಿನ ಧ್ವನಿ.

ಕಹಳೆಯ ಗುಂಡಿಯನ್ನು ಯಾರು ಒತ್ತಿದರೂ ಅದು ಹೆಚ್ಚು ಕಡಿಮೆ ಒಂದೇ ಸ್ವರವನ್ನು ಕೊಡುವುದು. ಉಗಿಯ ಸಿಳ್ಳು ಹಾಗಲ್ಲ. ಹಿಡಿಯನ್ನು ಮೆಲ್ಲನೆ ಎಳೆದರೆ ಒತ್ತಡವು ಮೆಲ್ಲನೆ ಏರಿ ಸ್ವರವು ಜಾರುತ್ತಾ ಮೇಲಕ್ಕೆ ಹೋಗುವುದು. ಥಟ್ಟನೆ ಎಳೆದರೆ ಚೀರುವುದು. ಬಿಡುವಾಗ ಕೈ ತಡೆದರೆ ಕೊನೆಯು ನಿಟ್ಟುಸಿರಿನಂತೆ ಇಳಿಯುವುದು. ಗಂಟೆಯ ಅಳತೆ, ಸೀಳಿನ ಸವೆತ, ಉಗಿಯ ತೇವ ಇವುಗಳಿಂದ ಯಂತ್ರಯಂತ್ರಕ್ಕೂ ಕಂಠವು ಬೇರೆಯಾಗುತ್ತಿತ್ತು. ಎಳೆಯುವ ಕೈಯಿಂದ ಚಾಲಕ ಚಾಲಕನಿಗೂ ಶೈಲಿಯು ಬೇರೆಯಾಗುತ್ತಿತ್ತು. ಆಜ್ಞೆಯು ನಿಯಮಾವಳಿಯದು, ಉಚ್ಚಾರಣೆಯು ಮನುಷ್ಯನದು.

ಕೇಳುವವನು ನಿಂತ ಸ್ಥಳವೂ ಈ ಧ್ವನಿಗೆ ಸೇರಿದ ಅಂಶವೇ. ಚಲಿಸುವ ಮೂಲದ ಶ್ರುತಿಯು ಬದಲಾಗುವುದೆಂದು ಡಾಪ್ಲರನು ೧೮೪೨ರಲ್ಲಿ ಊಹಿಸಿದನು. ೧೮೪೫ರಲ್ಲಿ ಬಾಯ್ಸ್ ಬ್ಯಾಲಟನು ಹಾಲೆಂಡಿನ ರೈಲುದಾರಿಯಲ್ಲಿ ತುತ್ತೂರಿಯವರನ್ನು ಬಂಡಿಯ ಮೇಲೆ ಕೂರಿಸಿ ಅದನ್ನು ಪರೀಕ್ಷಿಸಿದನು. ಗಂಟೆಗೆ ೫೦ ಕಿಲೋಮೀಟರ್ ವೇಗದ ಬಂಡಿಯು ಬಳಿಗೆ ಬರುವಾಗ ನೂರಕ್ಕೆ ನಾಲ್ಕರಷ್ಟು ಏರಿದ ಸ್ವರವು, ದಾಟಿ ಹೋಗುವಾಗ ಅಷ್ಟೇ ಇಳಿಯುವುದು. ಒಟ್ಟು ವ್ಯತ್ಯಾಸವು ಒಂದು ಅರ್ಧಸ್ವರವನ್ನು ಮೀರುತ್ತದೆ. ಬರುವ ಬಂಡಿಯ ಕೂಗಿನಲ್ಲಿ ಉತ್ಸಾಹವನ್ನೂ, ಹೋಗುವ ಬಂಡಿಯ ಕೂಗಿನಲ್ಲಿ ವಿಷಾದವನ್ನೂ ಜನರು ಕಂಡುದು ಬರಿಯ ಭಾವನೆಯಲ್ಲ; ಅದಕ್ಕೆ ಆಧಾರವು ಗಾಳಿಯಲ್ಲಿಯೇ ಇತ್ತು.

ಕನ್ನಡದ ಮಾತುಗಳೂ ಇದಕ್ಕೆ ಸಾಕ್ಷಿ. ಹೊಗೆಬಂಡಿ, ಉಗಿಬಂಡಿ ಎಂಬುವು ಕಣ್ಣಿನಿಂದ ಹುಟ್ಟಿದ ಹೆಸರುಗಳು. ಚುಕುಬುಕು ಎಂಬುದು ಕಿವಿಯಿಂದ ಹುಟ್ಟಿದ ಅನುಕರಣ ಶಬ್ದ. ಎರಡು ಉರುಳೆಗಳುಳ್ಳ ಯಂತ್ರವು ಚಕ್ರದ ಒಂದು ಸುತ್ತಿಗೆ ನಾಲ್ಕಾವರ್ತಿ ಉಗಿಯನ್ನು ಉಸಿರಾಡುವುದರಿಂದ ಆ ನಾಲ್ಕು ಅಕ್ಷರಗಳು ಲೆಕ್ಕಕ್ಕೂ ಸರಿಯಾಗಿವೆ. ಆದರೆ ‘ರೈಲು ಕೂಗಿತು’ ಎನ್ನುವಾಗ ನುಡಿಯು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕೂಗುವುದು ಕೋಳಿ, ಕೂಗುವುದು ಕೋಗಿಲೆ, ಕೂಗುವುದು ಮನುಷ್ಯ. ಆ ಕ್ರಿಯಾಪದವನ್ನು ಪಡೆದ ದಿನವೇ ಯಂತ್ರವು ಜೀವಿಗಳ ಪಂಕ್ತಿಗೆ ಸೇರಿತು.

೪

ಹಾಗಾದರೆ ಈ ಧ್ವನಿಯನ್ನು ಉಳಿಸುವ ಬಗೆ ಹೇಗೆ? ಮೈಸೂರಿನ ರೈಲು ವಸ್ತುಸಂಗ್ರಹಾಲಯವು ೧೯೭೯ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಹಳೆಯ ಉಗಿಯಂತ್ರಗಳೂ, ಮಹಾರಾಣಿಯವರ ೧೮೯೯ರ ಸವಾರಿಯ ಗಾಡಿಯೂ ಇವೆ. ಯಂತ್ರದ ಅಳತೆಯನ್ನೂ ಸಿಳ್ಳಿನ ರಚನೆಯನ್ನೂ ಅಭ್ಯಾಸಮಾಡುವವರಿಗೆ ಇಂತಹ ಸಂಗ್ರಹವು ಅಮೂಲ್ಯ. ಆದರೆ ಒಲೆಯಲ್ಲಿ ಬೆಂಕಿಯಿಲ್ಲದ ಯಂತ್ರವು, ತಾಳೆಯೋಲೆಯ ಮೇಲೆ ಉಳಿದು ಹಾಡುವವರನ್ನು ಕಳೆದುಕೊಂಡ ಗೀತದಂತೆ, ರೂಪವನ್ನು ತೋರಿಸಬಲ್ಲುದು, ರಾಗವನ್ನು ಕೇಳಿಸಲಾರದು.

ರಾಗವು ಉಳಿದಿರುವ ಸ್ಥಳವು ಬದನಗುಪ್ಪೆಗೆ ಬಹಳ ದೂರವೇನಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾಯ್ದು ದಕ್ಷಿಣಕ್ಕೆ ಹೋದರೆ, ಕನ್ನಡಕ್ಕೆ ನಿಕಟವಾದ ನುಡಿಯನ್ನಾಡುವ ಬಡಗರ ನೀಲಗಿರಿ ಸೀಮೆ. ಮೆಟ್ಟುಪಾಳ್ಯದಿಂದ ಕೂನೂರಿಗೆ ೧೮೯೯ರಲ್ಲಿಯೂ, ಉದಕಮಂಡಲಕ್ಕೆ ೧೯೦೮ರಲ್ಲಿಯೂ ತಲುಪಿದ ಅಲ್ಲಿನ ೪೬ ಕಿಲೋಮೀಟರ್ ಬೆಟ್ಟದ ರೈಲು ೨೦೦೫ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಾರಿನಿಂದ ಕೂನೂರಿನವರೆಗೆ ಹಲ್ಲುಹಳಿಯನ್ನು ಕಚ್ಚಿಕೊಂಡು, ಹನ್ನೆರಡೂವರೆ ಅಡಿಗೆ ಒಂದಡಿಯಷ್ಟು ಏರುವ ದಾರಿಯಲ್ಲಿ ಉಗಿಯಂತ್ರವು ಗಾಡಿಗಳನ್ನು ಹಿಂದಿನಿಂದ ತಳ್ಳುತ್ತದೆ. ಗಾಡಿಗಾಡಿಗೂ ಒಬ್ಬೊಬ್ಬ ಬಿರಿಯಾಳು ನಿಂತು, ಚಾಲಕನ ಸಿಳ್ಳಿನ ಸಂಜ್ಞೆಯಂತೆ ಬಿರಿಯನ್ನು ಹಾಕುತ್ತಾನೆ. ಅಲ್ಲಿ ಕೂಗು ಅಲಂಕಾರವಲ್ಲ, ಇನ್ನೂ ಕೆಲಸದ ಭಾಷೆ. ಸ್ವಿಟ್ಸರ್ಲೆಂಡಿನ ವಿಂಟರ್‌ತೂರಿನಲ್ಲಿ ತಯಾರಾದ ಹಳೆಯ ಯಂತ್ರಗಳು ಸವೆದಾಗ, ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ೨೦೧೧ರಿಂದೀಚೆಗೆ ಅದೇ ಮಾದರಿಯ ಹೊಸ ಉಗಿಯಂತ್ರಗಳನ್ನು ಕಟ್ಟಿದರು. ವಸ್ತುವು ಹೊಸದಾದರೂ ವಿದ್ಯೆಯು ಮುರಿಯಲಿಲ್ಲ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಬಂದಿತು.

ಬಯಲುಸೀಮೆಯ ದಾರಿಗೆ ಆ ಭಾಗ್ಯವಿಲ್ಲ. ಮೀಟರ್ ಹಳಿಯ ಮೇಲೆ ಉಗಿಯಂತ್ರವನ್ನು ನಡೆಸಿದವರೂ, ಅದನ್ನು ದಿನವೂ ಕೇಳಿ ಹೊಲದ ಕೆಲಸದ ಹೊತ್ತನ್ನು ಗೊತ್ತುಮಾಡಿಕೊಂಡವರೂ ಈಗ ವೃದ್ಧರು. ಯಾವ ಕೂಗಿಗೆ ಊರಿನಲ್ಲಿ ಯಾವ ಹೆಸರಿತ್ತು, ಯಾವ ಬಂಡಿಯ ದನಿಯನ್ನು ಹೇಗೆ ಅಣಕಿಸುತ್ತಿದ್ದರು, ಯಾವ ಗಾದೆ ಒಗಟುಗಳು ಅದರಿಂದ ಹುಟ್ಟಿದುವು ಎಂಬುದನ್ನು ನಂಜನಗೂಡಿನಿಂದ ಚಾಮರಾಜನಗರದವರೆಗಿನ ಹಳ್ಳಿಗಳಲ್ಲಿ ಕೇಳಿ ಬರೆದಿಡುವ ಕೆಲಸವು ಯಂತ್ರಶಾಸ್ತ್ರಜ್ಞರದಲ್ಲ, ಭಾಷೆಯನ್ನು ಓದಿಸುವವರದು. ಜಾನಪದ ಗೀತಗಳನ್ನು ಸಂಗ್ರಹಿಸಿದ ಶ್ರದ್ಧೆಯೇ ಇದಕ್ಕೂ ಸಾಕು.

ಕನ್ನಡದಲ್ಲಿ ದೂರವನ್ನು ಅಳೆಯಲು ‘ಕೂಗಳತೆ’ ಎಂಬ ಮಾತುಂಟು: ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ನೆಲ. ಒಂಟಿಹಳಿಯ ಉಗಿಬಂಡಿಯು ಬದನಗುಪ್ಪೆಯಂತಹ ಊರುಗಳ ಕೂಗಳತೆಯನ್ನು ಕೆಲವು ಮೈಲಿಗಳಷ್ಟು ಹಿಗ್ಗಿಸಿತ್ತು. ಆ ಅಳತೆಯೊಳಗೆ ಬಾಳಿದವರ ನೆನಪು ಮಾತಾಗಿ ದೊರೆಯುವ ಕಾಲವು ಇನ್ನೂ ಸ್ವಲ್ಪ ಉಳಿದಿದೆ.