ಬೇಸಿಗೆ ರಜೆಗೆ ದೇವನೂರಿನ ಕಲ್ಲು, ಕಾವ್ಯ, ಕೊಳಗ

ಏಪ್ರಿಲ್ 18 ವಿಶ್ವ ಪರಂಪರೆ ದಿನ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಎರಡೂ ಬರುವುದು ನಮ್ಮ ಶಾಲೆಗಳಿಗೆ ರಜೆ ಇರುವಾಗಲೇ. ಬೆಂಗಳೂರು, ಮೈಸೂರಿನ ಮಕ್ಕಳಾದರೆ ಆ ದಿನಗಳಲ್ಲಿ ಅಪ್ಪ ಅಮ್ಮನ ಕೈ ಹಿಡಿದು ಮ್ಯೂಸಿಯಂಗೆ ಹೋಗಿ ಬರಬಹುದು. ಕಡೂರು ತಾಲ್ಲೂಕಿನ ದೇವನೂರಿನ ಮಕ್ಕಳು ಎಲ್ಲಿಗೆ ಹೋಗಬೇಕು? ಕಟ್ಟಡ, ಗಾಜಿನ ಬೀರು, ಅನುದಾನ ಎಲ್ಲ ಬರಲಿ ಎಂದು ಕಾಯುತ್ತ ಕೂತರೆ ಇವತ್ತು ಐದನೇ ಕ್ಲಾಸಿನಲ್ಲಿರುವ ಮಗು ಕಾಲೇಜು ಮುಗಿಸಿರುತ್ತದೆ. ಬೇಸಿಗೆ ಶಿಬಿರ ಮೊದಲು ಆಗಲಿ, ಮ್ಯೂಸಿಯಂ ಅದರ ಹಿಂದೆ ಬರಲಿ ಎನ್ನುವುದು ನನ್ನ ಮಾತು.

ದೇವನೂರಿಗೆ ಬಂಡವಾಳದ ಕೊರತೆಯಿಲ್ಲ. ‘ಜೈಮಿನಿ ಭಾರತ’ದ ಲಕ್ಷ್ಮೀಶ ಈ ಊರಿನವನೆಂದು ಪ್ರತೀತಿ, ಅವನ ಆರಾಧ್ಯದೈವ ಲಕ್ಷ್ಮೀರಮಣನ ಗುಡಿ ಇಲ್ಲಿದೆ. ವಾರ್ಧಕ ಷಟ್ಪದಿಯ 34 ಸಂಧಿಗಳ ಆ ಕಾವ್ಯ ಓದು ಬಾರದವರ ಬಾಯಲ್ಲೂ ಬಾಳಿದ್ದು. ಶಿಬಿರದ ಮೊದಲ ಸಂಜೆ ಚಂದ್ರಹಾಸನ ಕಥೆಯ ಗಮಕ ವಾಚನವಾಗಲಿ. ಇವನಿಗೆ ವಿಷ ಕೊಡು ಎಂದು ಮಂತ್ರಿ ದುಷ್ಟಬುದ್ಧಿ ಬರೆದ ಓಲೆಯಲ್ಲಿ ‘ವಿಷ’ವನ್ನು ‘ವಿಷಯೆ’ ಎಂದು ತಿದ್ದಿದ ಅವನ ಮಗಳು ವಿಷಯೆ, ಸಾವನ್ನು ಮದುವೆ ಮಾಡಿದಳಲ್ಲ, ಆ ಕಥೆ. ಅಕ್ಷರಕ್ಕೆ ಎಷ್ಟು ಬಲ ಎಂದು ಮಕ್ಕಳಿಗೆ ಬೇರೆ ಹೇಳಬೇಕಾಗುವುದಿಲ್ಲ. ಗಮಕಿಗಳಿಗಾಗಿ ಬಹಳ ದೂರ ಹುಡುಕಬೇಕಾಗಿಯೂ ಇಲ್ಲ. ಶಿವಮೊಗ್ಗದ ಪಕ್ಕದ ಮತ್ತೂರು, ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ.

ಮರುದಿನ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಕಲ್ಲಿನ ಓದು. ಶಾಸನದ ಪಡಿಯಚ್ಚು ತೆಗೆಯುವುದನ್ನು ಬಲ್ಲವರೊಬ್ಬರು ಮಕ್ಕಳೆದುರೇ ಮಾಡಿ ತೋರಿಸಬೇಕು. ಕಲ್ಲನ್ನು ನೀರು ಹಾಕಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟುತ್ತ ಹೋದರೆ ಕಾಗದ ಅಕ್ಷರದ ಗುಳಿಗಳಿಗೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಮಸಿಯ ಉಂಡೆಯಿಂದ ಮೆಲ್ಲನೆ ಒತ್ತುವುದು. ಸುತ್ತೆಲ್ಲ ಕಪ್ಪಾಗಿ, ಗುಳಿಗಿಳಿದ ಅಕ್ಷರ ಮಾತ್ರ ಬೆಳ್ಳಗೆ ಎದ್ದು ಬರುತ್ತದೆ. ಕಲ್ಲಿನ ಮೇಲೆ ಕಾಣದಿದ್ದ ಸಾಲು ಕಾಗದದಲ್ಲಿ ಕಾಣುವ ಆ ಗಳಿಗೆಯನ್ನು ಮಕ್ಕಳು ಮರೆಯಲಾರರು. ಶಾಸನತಜ್ಞ ಬಿ.ಎಲ್. ರೈಸ್ ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟವಾಗಿ 1901ರಲ್ಲಿ ಹೊರತಂದರು. (ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರಿನದೇ ಹೆಸರು.) ಆ ಸಂಪುಟದ ಒಂದು ಪ್ರತಿ ಶಿಬಿರದ ಮೇಜಿನ ಮೇಲಿರಲಿ. ತಮ್ಮ ಸುತ್ತಮುತ್ತಲ ಊರುಗಳ ಹೆಸರು ಅದರಲ್ಲಿ ಅಚ್ಚಾಗಿರುವುದನ್ನು ಮಕ್ಕಳೇ ಹುಡುಕಲಿ.

ಒಂದು ದಿನ ತರೀಕೆರೆ ಕಡೆಗೆ ಬಸ್ಸು ಹತ್ತಿದರಾಯಿತು. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತಾಪುರದ ಅಮೃತೇಶ್ವರ ಗುಡಿಯಲ್ಲಿ ರಾಮಾಯಣ, ಭಾರತ ಎರಡೂ ಗೋಡೆಯ ಮೇಲಿವೆ. ಅಲ್ಲಿಯ ಶಾಸನ ಬರೆದವನು ಕವಿ ಜನ್ನ. ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಕಲ್ಲನ್ನು ಮುಟ್ಟದೆ, ಕೂತು ಚಿತ್ರ ಬರೆದು ಬಂದರೆ ಸಾಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಟ್ಟದ ಮೇಲಿನ ಸಾಮಾನು. ಕೊಳಗ, ಸೇರು, ಪಾವು, ಕೂರಿಗೆಯ ಬಟ್ಟಲು, ರಾಗಿಕಲ್ಲಿನ ಗೂಟ. ನಾಲ್ಕು ಪಾವು ಸೇರಿದರೆ ಒಂದು ಸೇರು ಎಂದು ಅಜ್ಜಿಯೇ ರಾಗಿ ಅಳೆದು ತೋರಿಸಲಿ. ಒಂದೊಂದು ವಸ್ತುವಿಗೂ ಮಕ್ಕಳು ಒಂದು ಚೀಟಿ ಬರೆಯಬೇಕು: ಯಾರ ಮನೆಯದು, ಏತಕ್ಕೆ ಬಳಸುತ್ತಿದ್ದರು, ಯಾರು ಮಾಡಿದ್ದು, ಬಳಕೆ ಯಾವಾಗ ನಿಂತಿತು, ಹೇಳಿದವರು ಯಾರು. ಚೀಟಿಯಿಲ್ಲದ ಕೊಳಗ ಗುಜರಿಗೆ ಹೋಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿಹಳ್ಳಿ ಅಲೆದು ಕೂಡಿಸಿದ್ದೂ ಇಂಥ ಬಳಕೆಯ ಸಾಮಾನುಗಳನ್ನೇ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸುವ ರೂಢಿ ಬಂದಿದೆ. ಮೇಷ್ಟ್ರು, ಗ್ರಂಥಪಾಲಕರು, ಊರಿನ ನಾಲ್ಕು ಮಂದಿ ಹಿರಿಯರು ಮಾರ್ಚ್ ಕೊನೆಗೆ ಒಮ್ಮೆ ಕೂತು ಮಾತಾಡಿದರೆ ಒಂದು ವಾರದ ಕಾರ್ಯಕ್ರಮ ಸಿದ್ಧವಾಗುತ್ತದೆ. ವಸ್ತುಗಳು ಆಯಾ ಮನೆಗಳಲ್ಲೇ ಇರಲಿ. ಫೋಟೊ, ಚೀಟಿ ಮತ್ತು ಒಂದು ದಪ್ಪ ರಿಜಿಸ್ಟರ್ ಮಾತ್ರ ಅರಿವು ಕೇಂದ್ರದಲ್ಲಿರಲಿ, ಮುಂದಿನ ಬೇಸಿಗೆಯ ಮಕ್ಕಳು ಅಲ್ಲಿಂದಲೇ ಮುಂದುವರಿಸುವ ಹಾಗೆ.